ಗುಡ್ಡ ಬಲಗಡೆ ಇರಬೇಕು

ಗೇಟಿನವನು ಕೋಲು ಅಡ್ಡ ಹಿಡಿದ.

"ಯಾರಪ್ಪಾ ನೀನು? ಉಳ್ಳೆ ಪೋಗಕೂಡಾದು, ಒಳಗೆ ಬಿಡಲ್ಲ. ಇದು ಕಂಪನಿ ಜಾಗ."

ನನ್ನ ಹೆಗಲ ಮೇಲೆ ಅಕ್ಕನ ಮಗಳು ಕೂತಿದ್ದಳು. ಎರಡೂ ಕೈಯಲ್ಲಿ ನನ್ನ ಕೂದಲು ಹಿಡಿದು, ಎತ್ತಿಗೆ ಹಗ್ಗ ಜಗ್ಗಿದ ಹಾಗೆ ಜಗ್ಗುತ್ತಿದ್ದಳು. ಮುಂದೆ ಪ್ಲಾಸ್ಟಿಕ್ ಹೊದಿಸಿದ ಗುಲಾಬಿ ಶೆಡ್ಡುಗಳು, ಸುತ್ತ ತಂತಿ ಬೇಲಿ. ಅಕ್ಕನ ಅತ್ತೆ ಹೇಳಿದ ದಾರಿ ಹುಣಸೆ ತೋಪಿನೊಳಗೆ ಹೋಗುತ್ತಿತ್ತು. ತೋಪು ಎಲ್ಲಿ ಅಂತ ಹಿಂದೆ ಸಿಕ್ಕಿದ ಒಬ್ಬನನ್ನು ಕೇಳಿದ್ದೆ. ಇದೇ ತೋಪು ಅಂತ ಈ ಶೆಡ್ಡು ತೋರಿಸಿದ್ದ. ಒಂದೂ ಹುಣಸೆ ಮರ ಇರಲಿಲ್ಲ.

"ಗುಡ್ಡ ಸುತ್ತಾ ಇದೀನಿ ಕಣಣ್ಣಾ," ಅಂದೆ.

"ಗುಡ್ಡ ಅಲ್ಲಿ ಅದೆ. ಇಲ್ಲಿ ರೋಜಾ ಅದೆ."

"ಗುಡ್ಡ ಬಲಗಡೆ ಇರ್ಬೇಕು. ನಿಮ್ಮ ಬೇಲಿ ಬಿಟ್ರೆ ಆ ಕಡೆ ಕೆರೆ. ಈಜ್ಕೊಂಡು ಹೋಗ್ಲಾ?"

ಅವನು ಮಗುವನ್ನು ನೋಡಿದ. ಅವಳ ಕಾಲು ನೋಡಿದ.

"ಯಾಕೆ, ನಡೆಯಲ್ವಾ?"

"ನಡೆಯಲ್ಲ. ಅದಕ್ಕೇ ಸುತ್ತಾ ಇರೋದು."

ಕೋಲು ಕೆಳಗಿಳಿಯಿತು. "ಸಾಮಿ ಕಾರ್ಯ ಅಂತ ಮೊದ್ಲೇ ಸೊಲ್ಲಬೇಕಲ್ಲಪ್ಪಾ," ಅಂತ ನನಗೇ ಬೈದು ಗೇಟು ತೆಗೆದ. ಒಳಗೆ ಕಾಲಿಡುವ ಮುಂಚೆ ಒಂದು ಸಿಮೆಂಟಿನ ತೊಟ್ಟಿ, ಅದರಲ್ಲಿ ನೇರಳೆ ಬಣ್ಣದ ನೀರು. ಹೊರಗಿನಿಂದ ಬಂದವರ ಕಾಲಿನ ರೋಗ ಗಿಡಕ್ಕೆ ಅಂಟಬಾರದು ಅಂತ. ಚಪ್ಪಲಿ ಸಮೇತ ಮುಳುಗಿಸಿದೆ.

"ಪಾಪಾ ಕಾಲು?"

"ಅವಳ ಕಾಲು ನೆಲ ಮುಟ್ಟಂಗಿಲ್ಲ."

ಅವನು ಸ್ವಲ್ಪ ಯೋಚಿಸಿದ. "ಹಂಗಾದ್ರೆ ಬೇಡ," ಅಂದ, ಬಹಳ ಕಷ್ಟದ ಲೆಕ್ಕ ಬಿಡಿಸಿದವನ ಹಾಗೆ.

ವಿಷಯ ಇಷ್ಟು. ಅಕ್ಕನ ಮಗಳಿಗೆ ಮೂರು ತುಂಬುತ್ತಾ ಬಂದಿತ್ತು, ಎದ್ದು ನಿಂತಿರಲಿಲ್ಲ. ಕೂರುತ್ತಾಳೆ, ತೆವಳುತ್ತಾಳೆ, ಬೇಕಾದ್ದು ಕಿತ್ತುಕೊಳ್ಳುತ್ತಾಳೆ, ಕಚ್ಚುತ್ತಾಳೆ. ನಿಲ್ಲಿಸಿದರೆ ಮಾತ್ರ ಕಾಲು ಮಡಚಿಬಿಡುತ್ತಾಳೆ. ಹೊಸೂರಿನ ಡಾಕ್ಟರು ಕಾಲು ಬಗ್ಗಿಸಿ ನೋಡಿ, ಎಲ್ಲ ಸರಿಯಾಗಿದೆ, ಕೆಲವು ಮಕ್ಕಳು ನಿಧಾನ, ದಿನಾ ವ್ಯಾಯಾಮ ಮಾಡಿಸಿ ಅಂದಿದ್ದರು. ಅಕ್ಕ ಮಾಡಿಸುತ್ತಿದ್ದಳು. ಮಾಡಿಸುತ್ತಾ ಮಾಡಿಸುತ್ತಾ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಳು. ಹೋದಲ್ಲೆಲ್ಲ ಮಗು ನಡೆಯುತ್ತಾ ಅನ್ನುವುದೊಂದೇ ಮಾತು.

ಅಕ್ಕನನ್ನು ಕೊಟ್ಟಿರುವುದು ಉದ್ದನಪಲ್ಲಿ ಕಡೆಯ ಒಂದು ಹಳ್ಳಿಗೆ. ಆ ಕಡೆಯ ಜನಕ್ಕೆ ಒಂದು ಪದ್ಧತಿ ಇದೆ. ಕಾಲು ಬಾರದ ಮಗುವನ್ನು ಸೋದರಮಾವ ಹೊತ್ತುಕೊಂಡು ಗುಡ್ಡದಮ್ಮನ ಗುಡ್ಡ ಸುತ್ತಬೇಕು. ಗುಡ್ಡ ಯಾವಾಗಲೂ ಬಲಗಡೆ ಇರಬೇಕು. ಬಂದ ದಾರಿಯಲ್ಲಿ ವಾಪಸ್ ತಿರುಗಬಾರದು. ಮಗುವಿನ ಕಾಲು ಎಲ್ಲೂ ನೆಲ ಮುಟ್ಟಬಾರದು. ಹೊರಟ ಜಾಗದಲ್ಲಿ ಒಂದು ಗುಂಡುಕಲ್ಲಿದೆ, ಸುತ್ತಿ ಬಂದು ಅದರ ಮುಂದೆ ಇಳಿಸಿದರೆ ಮಗು ನಿಲ್ಲುತ್ತದೆ. ಅಲ್ಲಿಯವರೆಗೆ ತಾಯಿ ಆ ಕಲ್ಲಿನ ಹತ್ತಿರವೇ ಕೂತಿರಬೇಕು, ಒಂದು ತೊಟ್ಟು ನೀರೂ ಕುಡಿಯಬಾರದು.

ನಾನು ಇದನ್ನು ನಂಬುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರೂ ಕೇಳಲೂ ಇಲ್ಲ. ನಾನಿರುವುದು ಹೊಸೂರು ಪಕ್ಕದ ಜೂಜುವಾಡಿಯ ಒಂದು ರೂಮಿನಲ್ಲಿ, ಕೆಲಸ ಫ್ಯಾಕ್ಟರಿಯಲ್ಲಿ, ಓದಿದ್ದು ಎಂಟರವರೆಗೆ. ನಮ್ಮೂರು ಗಡಿಯಾಚೆ, ಕರ್ನಾಟಕದ ಮಾಲೂರು ಕಡೆ. ಈ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಏನೂ ಗೊತ್ತಿರಲಿಲ್ಲ. ವೀಕ್ಲಿ ಆಫ್ ದಿನ ಬಾ ಅಂದಳು ಅಕ್ಕ, ಬಂದೆ. ಬೆಳಿಗ್ಗೆ ಗುಂಡುಕಲ್ಲಿನ ಹತ್ತಿರ ಮಗುವನ್ನು ನನ್ನ ಹೆಗಲಿಗೆ ಕೂರಿಸಿ ಅಂದಳು:

"ಎಲ್ಲೂ ಇಳಿಸ್ಬೇಡ ಕಣ್ಲಾ. ನಿನ್ ಕಾಲಿಗ್ ಬೀಳ್ತೀನಿ."

ಅಕ್ಕ ನನ್ನ ಬೆನ್ನಿಗೆ ಗುದ್ದಿ ಬೆಳೆಸಿದವಳು. ಕಾಲಿಗೆ ಬೀಳುವ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. "ಸರಿ ಬಿಡು," ಅಂದು ಹೊರಟೆ.

ಗುಲಾಬಿ ತೋಟ ದಾಟಿದ ಮೇಲೆ ಟೊಮೆಟೊ, ಆಮೇಲೆ ರಾಗಿ ಹೊಲ, ಆಮೇಲೆ ಹುರುಳಿಕಾಯಿ ಹೊಲ. ಬದುಗಳ ಮೇಲೆ ನಡೆಯಬೇಕು. ಒಬ್ಬನೇ ಆದರೆ ಓಡಿಬಿಡಬಹುದು. ಹೆಗಲ ಮೇಲೆ ಜೀವ ಇದ್ದರೆ ಬದು ಅನ್ನುವುದು ಹಗ್ಗದ ಹಾಗೆ. ಫ್ಯಾಕ್ಟರಿಯಲ್ಲಿ ದಿನಾ ಭಾರ ಎತ್ತುತ್ತೇನೆ, ಆದರೆ ಅಲ್ಲಿಯ ಭಾರ ಕಿವಿ ಹಿಂಡುವುದಿಲ್ಲ.

ಹುರುಳಿಕಾಯಿ ಕೀಳುತ್ತಿದ್ದ ಗಂಡ ಹೆಂಡತಿ ಸಿಕ್ಕಿದರು, ಇಬ್ಬರಿಗೂ ವಯಸ್ಸಾಗಿತ್ತು. ದಾರಿ ಕೇಳಿದೆ.

"ಕೆರೆ ಕಟ್ಟೆ ಮೇಲೆ ಹೋಗು," ಅಂದ ಗಂಡ.

"ಕಟ್ಟೆ ಮೇಲಲ್ಲ, ನೀರಿನ ಟ್ಯಾಂಕ್ ಪಕ್ಕ," ಅಂದಳು ಹೆಂಡತಿ.

"ನೀನು ಬೇರಿಕೆ ಊರಲ್ಲಿ ಹುಟ್ಟಿದೋಳು, ಈ ಗುಡ್ಡ ನಿಂಗೇನ್ ಗೊತ್ತೇ?"

"ಹೌದು, ನಂಗ್ ಗೊತ್ತಿಲ್ಲ. ಮದ್ವೆ ಆದಾಗಿಂದ ಈ ಗುಡ್ಡಕ್ಕೆ ಸೌದೆಗೆ ಹೋಗ್ತಾ ಇದ್ದಿದ್ದು ನಿಮ್ಮವ್ವ ಪಾಪ, ನಾನಲ್ಲ."

ಗಂಡ ತೆಲುಗಿನಲ್ಲಿ ಏನೋ ಗೊಣಗಿದ. ಅವಳು ತೆಲುಗಿನಲ್ಲೇ ಇನ್ನೂ ದೊಡ್ಡದಾಗಿ ಹೇಳಿದಳು. ನಾನು ಅಷ್ಟರಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದೆ. ನನಗೆ ಮೂತ್ರಕ್ಕೆ ಹೋಗಬೇಕಿತ್ತು. ಬೆಳಿಗ್ಗೆಯಿಂದ ಹೋಗಬೇಕಿತ್ತು. ಹೆಗಲ ಮೇಲೆ ಮಗುವನ್ನು ಇಟ್ಟುಕೊಂಡು ಹೇಗೆ ಹೋಗುವುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಮುದುಕಿಗೆ ಅರ್ಥವಾಯಿತು. "ಕೊಡಿಲ್ಲಿ ಮಗೀನ. ಹೋಗ್ಬಾ."

"ಕೊಡಬಹುದಾ? ಸೋದರಮಾವನೇ ಹೊರಬೇಕು ಅಂದವ್ರೆ."

"ನೆಲ ತಾನೇ ಮುಟ್ಟಬಾರ್ದು? ನಾನೇನ್ ನೆಲಾನಾ?"

"ನೆಲಕ್ಕಿಂತ ಗಟ್ಟಿ," ಅಂದ ಗಂಡ.

ಕೊಟ್ಟೆ, ಬದುವಿನ ಆ ಕಡೆಗೆ ಓಡಿದೆ. ವಾಪಸ್ ಬರುವಾಗ ಇನ್ನೊಂದು ಯೋಚನೆ ಬಂತು. ಬಂದ ದಾರಿಯಲ್ಲೇ ತಿರುಗಿ ಬರುತ್ತಿದ್ದೇನಲ್ಲ, ಇದು ವಾಪಸ್ ತಿರುಗಿದ ಹಾಗಾಯಿತೇ? ಹಾಗಂತ ಬದು ಬಿಟ್ಟು ಹೊಲದೊಳಗೆ ಇಳಿದು, ಸುತ್ತಿ ಬಂದೆ. "ಗಿಡ ತುಳೀಬೇಡ್ವೋ!" ಅಂತ ಇಬ್ಬರೂ ಒಟ್ಟಿಗೆ ಕೂಗಿದರು. ಅವರು ಒಪ್ಪಿಕೊಂಡದ್ದು ಅದೊಂದೇ ವಿಷಯ.

ನಾನು ಕಟ್ಟೆಯ ಮೇಲೂ ಹೋಗಲಿಲ್ಲ, ಟ್ಯಾಂಕಿನ ಪಕ್ಕವೂ ಹೋಗಲಿಲ್ಲ. ಎರಡರ ನಡುವೆ ಹೋದೆ.

ಹೊಲ ಮುಗಿದು ಕಾಡು ಶುರುವಾಯಿತು. ಮೊದಲು ನೀಲಗಿರಿ ಮರ, ಆಮೇಲೆ ಮುಳ್ಳುಕಾಡು. ಅಲ್ಲಿಯವರೆಗೆ ಸುಲಭವಾಗಿತ್ತು, ಬಲಕ್ಕೆ ನೋಡಿದರೆ ಗುಡ್ಡ ಕಾಣುತ್ತಿತ್ತು. ಕಾಡಿನೊಳಗೆ ಬಲಕ್ಕೂ ಮರ, ಎಡಕ್ಕೂ ಮರ. ಮಗು ನನ್ನ ನೆತ್ತಿಯ ಮೇಲೆ ಗಲ್ಲ ಇಟ್ಟು ನಿದ್ದೆ ಹೋಗಿತ್ತು, ಜೊಲ್ಲು ನನ್ನ ಹಣೆಗೆ ಇಳಿಯುತ್ತಿತ್ತು. ಟವಲನ್ನು ಅವಳ ಬೆನ್ನ ಹಿಂದಿನಿಂದ ತಂದು ನನ್ನ ಎದೆಯ ಮೇಲೆ ಗಂಟು ಹಾಕಿದ್ದೆ, ಅದಕ್ಕೇ ಬೀಳುವ ಭಯ ಇರಲಿಲ್ಲ.

ಕಾಡಿನ ವಾಚರು ಇಬ್ಬರು ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಒಬ್ಬ ಎದ್ದೇಬಿಟ್ಟ.

"ಏಯ್, ಎಲ್ಲಿಗ್ಲಾ? ಕೆಳಗೆ ಆನೆ ಅದೆ!"

"ಎಷ್ಟು?"

"ಎಷ್ಟಿದ್ರೆ ಹೋಗ್ತೀಯ ನೀನು? ಒಂದಾದ್ರೆ ಪರ್ವಾಗಿಲ್ವಾ?"

ಕೆಳಗಿನ ಕಾಲುದಾರಿ ಬೇಡ, ಏಣಿನ ಮೇಲೆ ಹತ್ತಿ ಆ ಕಡೆ ಇಳಿ ಅಂದ. ಏಣು ಅಂದರೆ ಗುಡ್ಡದ ಬೆನ್ನೆಲುಬು. ನಾನು ಸುತ್ತಬೇಕಾಗಿದ್ದದ್ದು ಗುಡ್ಡವನ್ನು. ಗುಡ್ಡದ ಮೇಲೇ ಹತ್ತಿದರೆ ಸುತ್ತಿದ ಹಾಗೆ ಹೇಗಾಗುತ್ತದೆ? ಕೇಳಿದೆ.

"ಆನೆ ತುಳಿದ್ರೆ ಏನಾಗುತ್ತೆ ಅದನ್ನ ಕೇಳು," ಅಂದ ಅವನು.

ಹತ್ತಿದೆ. ಕಲ್ಲು, ಒಣಹುಲ್ಲು, ಲಂಟಾನ. ಒಂದು ಕೈಯಲ್ಲಿ ಮಗುವಿನ ಕಾಲು, ಇನ್ನೊಂದು ಕೈಯಲ್ಲಿ ಸಿಕ್ಕಿದ ಗಿಡ. ಮೇಲೆ ಬಂದಾಗ ಉಸಿರು ಹೋಗಿತ್ತು. ಗಾಳಿ ಬೀಸಿತು, ಮಗು ಎದ್ದಿತು. ಸುತ್ತ ನೋಡಿದೆ. ಕೆಳಗಿನಿಂದ ಒಂದೇ ಗುಡ್ಡ ಕಾಣುತ್ತಿತ್ತು, ಮೇಲಿಂದ ಮೂರು ದಿಬ್ಬ. ಯಾವುದು ಗುಡ್ಡದಮ್ಮನದು? ಎಲ್ಲ ಸೇರಿಯೇ? ಗುಡ್ಡದ ಮೇಲೆಯೇ ನಿಂತಿರುವವನಿಗೆ ಗುಡ್ಡ ಬಲಗಡೆ ಇದೆಯೋ ಎಡಗಡೆ ಇದೆಯೋ ಯಾರು ಹೇಳಬೇಕು? ಅಕ್ಕನಿಗೆ ಫೋನ್ ಮಾಡೋಣ ಅಂದುಕೊಂಡೆ. ಅವಳು ಗಾಬರಿಯಾಗುತ್ತಾಳೆ ಅಂತ ಬಿಟ್ಟೆ. ದೂರದಲ್ಲಿ ಹೊಸೂರಿನ ಕಡೆಯ ಫ್ಯಾಕ್ಟರಿ ಶೆಡ್ಡುಗಳ ತಗಡು ಹೊಳೆಯುತ್ತಿತ್ತು. ಅಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ನೆಲದ ಮೇಲೆ ಹಳದಿ ಗೆರೆ ಎಳೆದಿರುತ್ತಾರೆ, ಅದರೊಳಗೆ ನಡೆದರಾಯಿತು.

ದೊಡ್ಡ ದಿಬ್ಬವನ್ನು ಬಲಕ್ಕಿಟ್ಟುಕೊಂಡು ಏಣಿನ ಮೇಲೆ ನಡೆದೆ. ಸ್ವಲ್ಪ ದೂರ ಹೋದಮೇಲೆ ಆ ದಿಬ್ಬವೇ ಮುಗಿದುಹೋಯಿತು.

ಮುಗಿದದ್ದು ಅಂದರೆ ಇಳಿಜಾರಾಗಿ ಅಲ್ಲ. ಚಾಕುವಿನಲ್ಲಿ ಕೊಯ್ದ ಹಾಗೆ. ಗುಡ್ಡದ ಹಿಂದಿನ ಭಾಗ ಇರಲೇ ಇಲ್ಲ. ಕೆಳಗೆ ಕಲ್ಲಿನ ಕ್ವಾರಿ, ಆಳದ ಗುಂಡಿ, ತಳದಲ್ಲಿ ಹಸಿರು ನೀರು, ಹಳದಿ ಯಂತ್ರಗಳು. ಆಚೆಗೆ ಬೇಡವಾದ ಕಲ್ಲು ಸುರಿದು ಸುರಿದು ಇನ್ನೊಂದು ಗುಡ್ಡ ಆಗಿತ್ತು. ಅಂಚಿನಲ್ಲಿ ಮೇಕೆ ದಾರಿ ಇತ್ತು, ಕೂತು ಕೂತು ಕೆಳಗಿಳಿದೆ.

ಕೆಳಗೆ ಒಬ್ಬ ಟಿಪ್ಪರ್ ಡ್ರೈವರು ಗಾಡಿ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ. ಕೋಲಾರದ ಕಡೆಯವನು, ಮಾತಿನಲ್ಲೇ ತಿಳಿಯಿತು. ನನ್ನ ಕಥೆ ಕೇಳಿ ಬೀಡಿ ಎಸೆದ.

"ಗುಡ್ಡ ಇಲ್ದಿದ್ಮೇಲೆ ಏನ್ ಸುತ್ತುತೀಯ?"

"ಅದೇ ನಂಗೂ ತಿಳೀತಿಲ್ಲ. ಗುಂಡೀನೂ ಗುಡ್ಡಾನೇ ಅಂದ್ಕೊಂಡು ಹೊರಗಡೆಯಿಂದ ಹೋಗ್ಲಾ?"

"ಆ ಕಲ್ಲಿನ ರಾಶಿ ಕಾಣ್ತದಲ್ಲ, ಅದೂ ಈ ಗುಡ್ಡದ್ದೇ. ಅದನ್ನೂ ಸೇರಿಸ್ಕೋ."

"ಸೇರಿಸ್ಬೇಕಾ?"

"ಹಂಗ್ ನೋಡುದ್ರೆ ನನ್ ಗಾಡಿಲಿರೋ ಜಲ್ಲಿನೂ ಗುಡ್ಡದ್ದೇ. ಇದು ಬೆಂಗ್ಳೂರಿಗೆ ಹೋಗ್ತದೆ. ಮೊದ್ಲು ಹೋಗಿರೋದೆಲ್ಲ ಅಲ್ಲೇ ಐತೆ. ಬೆಂಗ್ಳೂರೂ ಸುತ್ಕೊಂಡ್ ಬಂದ್ಬುಡು."

ಅವನು ನಕ್ಕ. ನನಗೆ ನಗು ಬರಲಿಲ್ಲ, ಅವನು ಹೇಳಿದ್ದು ಸರಿಯಿರಬಹುದೇನೋ ಅನ್ನಿಸಿತ್ತು. ಅಷ್ಟರಲ್ಲಿ ಸೈರನ್ ಕೂಗಿತು. ದೂರದಲ್ಲಿ ಒಬ್ಬ ಕೆಂಪು ಬಟ್ಟೆ ಬೀಸುತ್ತಾ ತಮಿಳಿನಲ್ಲಿ ಕಿರುಚಿದ.

"ಬಂಡೆಗೆ ಗುಂಡು ಹಾಕ್ತಾವ್ರೆ! ಗಾಡಿ ಮರೆಗ್ ಬಾರ್ಲಾ!" ಅಂತ ಡ್ರೈವರು ನನ್ನ ರಟ್ಟೆ ಹಿಡಿದು ಎಳೆದ.

ಟಿಪ್ಪರಿನ ಹಿಂದಿನ ಚಕ್ರದ ಮರೆಗೆ ಬಿದ್ದೆವು. ಹೆಗಲ ಮೇಲೆ ಮಗು ಇದ್ದರೆ ತಲೆಗೇ ಕಲ್ಲು ಬೀಳುತ್ತದೆ. ಯೋಚನೆ ಮಾಡಲಿಲ್ಲ. ಟವಲಿನ ಗಂಟು ಎಳೆದು, ಅವಳನ್ನು ಕೆಳಗೆ ಕೂರಿಸಿ, ಮೇಲೆ ಬಗ್ಗಿದೆ. ಕಣ್ಣು ಮುಚ್ಚಿದೆ. ಸದ್ದು ಕಿವಿಗಲ್ಲ, ಹೊಟ್ಟೆಗೆ ಬಂತು. ನೆಲ ಒಮ್ಮೆ ಕುಲುಕಿತು. ಆಮೇಲೆ ಕಲ್ಲುಗಳು ಉರುಳುವ ಸದ್ದು. ಆಮೇಲೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ನನ್ನ ಕೈಯೊಳಗೆ ಮಗು ಇರಲಿಲ್ಲ.

ಚಕ್ರದ ಆಚೆ ನಿಂತಿದ್ದಳು. ನಿಂತಿದ್ದಳು. ಏನನ್ನೂ ಹಿಡಿದಿರಲಿಲ್ಲ. ಕಾಲಗಲಿಸಿಕೊಂಡು, ಹೊಟ್ಟೆ ಮುಂದೆ ಚಾಚಿ, ಕುಡಿದವರ ಹಾಗೆ ಸ್ವಲ್ಪ ತೂಗಾಡುತ್ತಾ, ಬಾಯಲ್ಲಿ ಬೆರಳಿಟ್ಟುಕೊಂಡು ಮೇಲೇಳುತ್ತಿದ್ದ ಧೂಳನ್ನು ನೋಡುತ್ತಿದ್ದಳು. ಧೂಳು ಬಿಸಿಲಿನಲ್ಲಿ ದೊಡ್ಡದಾಗಿ ಬೆಳೆಯುತ್ತಿತ್ತು, ಅವಳು ಅದರ ಜೊತೆಗೇ ಕತ್ತು ಎತ್ತುತ್ತಾ ಹೋದಳು. ಕತ್ತು ತೀರಾ ಹಿಂದಕ್ಕೆ ಹೋದಾಗ ಧೊಪ್ಪಂತ ಕೂತುಬಿಟ್ಟಳು. ಅಳಲಿಲ್ಲ.

"ನಿಂತ್ಲು," ಅಂದೆ.

"ಯಾರು?"

"ಇವಳು. ನಿಂತ್ಲು. ನೋಡಿದ್ಯಾ ನೀನು?"

"ನೋಡ್ದೆ. ಮಗು ನಿಂತ್ಕೊಂಡ್ರೆ ಅದ್ರಲ್ಲೇನೈತೆ ನೋಡೋದು?"

ಅವನು ಗಾಡಿ ಹತ್ತಿ ಹೋಗೇಬಿಟ್ಟ. ನಾನು ಅಲ್ಲೇ ಕೂತು ಅವಳನ್ನು ಮತ್ತೆ ನಿಲ್ಲಿಸಲು ನೋಡಿದೆ. ಕಂಕುಳಿಗೆ ಕೈಕೊಟ್ಟು ಎತ್ತಿದೆ. ಯಾವಾಗಲೂ ಮಾಡುವ ಹಾಗೆ ಕಾಲು ಮಡಚಿದಳು. ಧೂಳು ತೋರಿಸಿದೆ, ಯಂತ್ರ ತೋರಿಸಿದೆ. ಮಡಚಿದಳು. ಬೈದೆ. ನನ್ನ ಕೈ ಕಚ್ಚಿದಳು.

ಆಗ ನನಗೆ ಹೊಳೆಯಿತು. ಇಳಿಸಿಬಿಟ್ಟಿದ್ದೆ. ಹರಕೆ ಕೆಟ್ಟಿತು. ಆದರೆ ಹರಕೆ ಯಾಕೆ? ಅವಳು ನಿಲ್ಲಲಿ ಅಂತ. ನಿಂತಳು. ಇಳಿಸದಿದ್ದರೆ ನಿಲ್ಲುತ್ತಿರಲಿಲ್ಲ. ಇಳಿಸಿದ್ದು ತಪ್ಪು. ಹಾಗಾದರೆ ನಿಂತಿದ್ದು ಯಾವುದರಿಂದ? ಅಷ್ಟು ದೂರ ಸುತ್ತಿದ್ದಕ್ಕೋ, ಡಾಕ್ಟರ ವ್ಯಾಯಾಮಕ್ಕೋ, ಗುಂಡಿನ ಸದ್ದಿಗೋ? ಈಗ ಮುಂದೆ ಹೋಗಬೇಕೋ, ಮೊದಲಿಂದ ಶುರು ಮಾಡಬೇಕೋ? ಮೊದಲಿಂದ ಅಂದರೆ ವಾಪಸ್ ಹೋಗಬೇಕು, ವಾಪಸ್ ಹೋಗಬಾರದು. ತಲೆ ಕೆಟ್ಟುಹೋಯಿತು. ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಆ ಕಲ್ಲಿನ ರಾಶಿಯನ್ನೂ ಬಲಕ್ಕೇ ಬಿಟ್ಟು ನಡೆದೆ, ಯಾಕಾದರೂ ಇರಲಿ ಅಂತ.

ಉಳಿದ ದಾರಿಯಲ್ಲಿ ಏನು ನೋಡಿದೆ ಅಂತ ಕೇಳಿದರೆ ನೆನಪಿಲ್ಲ. ಒಂದು ಸಣ್ಣ ಏಣು ಇತ್ತು, ಹತ್ತಿ ಇಳಿದೆ. ಮಾವಿನ ತೋಟ ಇತ್ತು. ನಾಯಿಯೊಂದು ಸ್ವಲ್ಪ ದೂರ ಬೊಗಳುತ್ತಾ ಬಂತು. ನಾನು ಅಕ್ಕನಿಗೆ ಹೇಳುವುದನ್ನೇ ಬಾಯಲ್ಲಿ ಮಾಡಿಕೊಳ್ಳುತ್ತಿದ್ದೆ. ಹೇಳಿದರೆ ಇಳಿಸಿದ್ದೂ ಹೇಳಬೇಕು. ಹೇಳದಿದ್ದರೆ ನಿಂತದ್ದೂ ಹೇಳುವ ಹಾಗಿಲ್ಲ. ಕಲ್ಲಿನ ಮುಂದೆ ಅವಳು ಮತ್ತೆ ನಿಂತುಬಿಟ್ಟರೆ ಏನೂ ಹೇಳಬೇಕಿಲ್ಲ. ನಿಲ್ಲು ತಾಯಿ ಅಂತ ಅವಳಿಗೇ ಹೇಳಿದೆ. ಅವಳು ಕೂದಲು ಜಗ್ಗಿದಳು.

ಗುಂಡುಕಲ್ಲಿನ ಹತ್ತಿರ ಅಕ್ಕ ಬೆಳಿಗ್ಗೆ ಕೂತ ಹಾಗೇ ಕೂತಿದ್ದಳು, ಪಕ್ಕದಲ್ಲಿ ಅವಳ ಅತ್ತೆ. ಬಿಸಿಲು ಇಳಿದಿತ್ತು. ನನ್ನನ್ನು ನೋಡಿ ಅಕ್ಕ ಎದ್ದಳು, ಸೆರಗು ಸರಿಮಾಡಿಕೊಂಡಳು, ಯಾರೋ ದೊಡ್ಡವರು ಬಂದ ಹಾಗೆ. ಅವಳ ತುಟಿ ಒಣಗಿ ಬಿರಿದಿತ್ತು. ಅತ್ತೆ ಕಲ್ಲಿಗೆ ಅರಿಶಿನ ಹಚ್ಚಿ, ಕರ್ಪೂರ ಹಚ್ಚಿದರು. "ಇಳ್ಸು," ಅಂದರು.

ಇಳಿಸಿದೆ. ಮಗು ಕಾಲು ಮಡಚಿ ಕೂತಿತು. ಕೂತು, ಕಲ್ಲಿನ ಅರಿಶಿನ ಕೆರೆದು ಬಾಯಿಗೆ ಹಾಕಿಕೊಂಡಿತು.

ಅತ್ತೆ ಇನ್ನೊಮ್ಮೆ ಎತ್ತಿ ನಿಲ್ಲಿಸಿದರು. ಕೂತಿತು. ಕರ್ಪೂರ ಆರಿತು.

"ನಂದೇ ತಪ್ಪು," ಅಂದಳು ಅಕ್ಕ. ಅವಳ ದನಿ ಕೇಳಿಸುತ್ತಲೇ ಇರಲಿಲ್ಲ. "ಮಧ್ಯಾಹ್ನ ತಡ್ಕೊಳಕ್ಕಾಗ್ಲಿಲ್ಲ. ಒಂದ್ ಗುಟುಕು ನೀರು ಕುಡಿದ್ಬುಟ್ಟೆ. ಅತ್ತೆ ನೋಡ್ಲಿಲ್ಲ. ನಂದೇ."

ಅತ್ತೆ ಅವಳ ಕಡೆ ತಿರುಗಿದರು. ಏನೋ ಹೇಳಲು ಬಾಯಿ ತೆರೆದರು.

"ನೀರಿಂದ ಏನೂ ಆಗಿಲ್ಲ," ಅಂದೆ. "ನಾನು ಇಳಿಸ್ಬುಟ್ಟೆ. ಕ್ವಾರಿ ಹತ್ರ. ಗುಂಡು ಹಾಕಿದ್ರು, ಇಳಿಸ್ದೆ."

"ಅಯ್ಯೋ ಪಾಪಿ!" ಅಂದರು ಅತ್ತೆ. "ಅಷ್ಟ್ ಹೇಳಿದ್ರೂನೂ ಇಳಿಸ್ಬುಟ್ಯಲ್ಲೋ! ನಿನ್ ಹೆಗಲಿಗೇನ್ ಬಂದಿತ್ತು ರೋಗ? ಇನ್ನೊಂದ್ಸಲ ಸುತ್ತಬೇಕು, ಮೊದ್ಲಿಂದ..."

"ಇಳಿಸ್ದಾಗ ನಿಂತ್ಲು," ಅಂದೆ.

ಅತ್ತೆಯ ಮಾತು ಅಲ್ಲೇ ನಿಂತಿತು. ಅವರ ಮುಖ ನೋಡಿದೆ, ಬೈಯಬೇಕೋ ಕೈ ಮುಗಿಯಬೇಕೋ ಅವರಿಗೂ ಗೊತ್ತಾಗಲಿಲ್ಲ. "ಹಂಗಾದ್ರೆ... ಅದು ಲೆಕ್ಕಕ್ಕಿಲ್ಲ... ಲೆಕ್ಕಕ್ಕೈತಾ?" ಅಂತ ಗುಂಡುಕಲ್ಲನ್ನೇ ಕೇಳಿದರು.

ಅಕ್ಕ ಅದು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ನನ್ನ ಹತ್ತಿರ ಬಂದು ಅಂಗಿಯ ಕಾಲರ್ ಹಿಡಿದಳು. ಹೊಡೆಯುತ್ತಾಳೆ ಅಂದುಕೊಂಡೆ.

"ನಿಜ ಹೇಳು. ಹಿಡ್ಕೊಂಡಿದ್ಲಾ?"

"ಇಲ್ಲ."

"ನಿನ್ ಕಾಲ್ ಹಿಡ್ಕೊಂಡಿರ್ತಾಳೆ."

"ನಾನು ಆಚೆ ಇದ್ದೆ. ಏನೂ ಹಿಡ್ಕೊಂಡಿರ್ಲಿಲ್ಲ."

"ಎಷ್ಟೊತ್ತು?"

"ಸ್ವಲ್ಪ ಹೊತ್ತು."

"ಸ್ವಲ್ಪ ಅಂದ್ರೆ ಎಷ್ಟ್ಲಾ? ಸರಿಯಾಗ್ ಹೇಳು. ಹೆಂಗ್ ನಿಂತಿದ್ಲು? ಕಾಲು ನೆಟ್ಟಗಿತ್ತಾ? ಯಾವ ಕಡೆ ನೋಡ್ತಿದ್ಲು? ನಗ್ತಿದ್ಲಾ?"

ಹೇಳಿದೆ. ಕಾಲಗಲಿಸಿದ್ದು, ಬೆರಳು ಬಾಯಲ್ಲಿದ್ದದ್ದು, ಹೊಟ್ಟೆ ಮುಂದೆ ಬಂದಿದ್ದದ್ದು, ಕತ್ತೆತ್ತಿದ್ದು, ಕೂತಿದ್ದು. ಅವಳು ಮಗುವನ್ನು ಎತ್ತಿಕೊಂಡು ಅದರ ಪಾದ ತನ್ನ ಅಂಗೈಯಲ್ಲಿ ಹಿಡಿದುಕೊಂಡು, ಮತ್ತೆ ಹೇಳು ಅಂದಳು. ಮತ್ತೆ ಹೇಳಿದೆ. ಮನೆಗೆ ನಡೆಯುತ್ತಾ ಕೇಳಿದಳು. ಅನ್ನ ಬಡಿಸುತ್ತಾ ಕೇಳಿದಳು. ನಾನು ರೂಮಿಗೆ ಹೋಗಲು ಬಸ್ಸಿಗೆ ನಿಂತಾಗಲೂ ಜೊತೆಗೆ ಬಂದು ನಿಂತು, ಇನ್ನೇನಾದ್ರೂ ಬಿಟ್ಟಿದೀಯಾ ಅಂದಳು. ನಾನು ನೋಡಿದ್ದು ಅಷ್ಟೇ. ಇದರ ಮೇಲೆ ಹೇಳೋದಕ್ಕೆ ನನ್ನ ಹತ್ತಿರ ಏನೂ ಇಲ್ಲ.